ಬೆಳ್ಳಿನೀರಿನ ಶರ್ಟು

ತಮ್ಮನ ಸಾಕ್ಸುಗಳನ್ನು ಒಳಮಗ್ಗುಲು ತಿರುವಿ ಒಂದೊಂದಾಗಿ ತಂತಿಗೆ ಹಾಕುತ್ತಿದ್ದೆ. ಬಕೆಟ್ಟಿನಲ್ಲಿದ್ದಾಗ ಗೊತ್ತಾಗಿರಲಿಲ್ಲ. ಬಿಸಿಲಿಗೆ ಹಿಡಿದಾಗ ಕಾಣಿಸಿತು, ಬಿಳಿ ಸಾಕ್ಸೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ. ಕೊಳೆಯಾಗಿದ್ದರೆ ಹಿಮ್ಮಡಿ, ಹೆಬ್ಬೆರಳು ನೋಡಿಕೊಂಡು ಕೂರುತ್ತದೆ. ಇದು ಮೇಲಿಂದ ಕೆಳಗೆ ಒಂದೇ ಸಮ, ಪೆನ್ಸಿಲಿನ ಪುಡಿ ಉಜ್ಜಿದ ಹಾಗೆ ಕೂತಿತ್ತು. ಬನಿಯನ್ ಎತ್ತಿ ನೋಡಿದೆ. ಅದರ ಗತಿಯೂ ಅಷ್ಟೇ.

"ಲೋ, ಬಾ ಇಲ್ಲಿ. ಏನಿದೆಲ್ಲ?"

ತಮ್ಮ ಬಾಗಿಲಲ್ಲಿ ನಿಂತು ಇಣುಕಿದ.

"ಸೋಪು ಸರಿ ಇಲ್ಲ ಅನ್ಸುತ್ತೆ ಅಕ್ಕ."

"ಅದೇ ಸೋಪಲ್ಲಿ ನನ್ನ ಬಟ್ಟೇನೂ ಒಗ್ದಿದೀನಿ. ಅವ್ಯಾಕೆ ನೆಟ್ಟಗಿವೆ?"

"ನಿನ್ನ ಬಟ್ಟೆ ಮನೇಲೇ ಇರುತ್ತೆ. ನಂದು ಕೆಲ್ಸಕ್ಕೆ ಹೋಗುತ್ತೆ."

"ಇಷ್ಟು ವರ್ಷ ಹೋಗ್ತಿರ್ಲಿಲ್ವಾ?"

ಅವನು ಒಳಗೆ ಹೋಗಿ ಸ್ನಾನದ ಮನೆಯ ಕಪಾಟಿನ ಹಿಂದಿನಿಂದ ಒಂದು ಬಾಟಲಿ ತಂದು, ಕದ್ದು ಸಿಕ್ಕಿಬಿದ್ದವನ ಹಾಗೆ ನನ್ನ ಮುಂದೆ ಹಿಡಿದ. ಮೇಲೆ ‘ನ್ಯಾನೋ ಬೆಳ್ಳಿ’ ಎಂದು ಹೊಳೆಯುವ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಒಂದು ಮೂಗಿನ ಚಿತ್ರ. ಮೂಗು ನಗುತ್ತಿತ್ತು.

ನನ್ನ ತಮ್ಮನಿಗೆ ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಕಡೆ ಕೆಲಸ. ಅಲ್ಲಿ ದೊಡ್ಡ ದೊಡ್ಡ ಟ್ಯಾಂಕುಗಳಿವೆ. ತಳದಿಂದ ಗಾಳಿ ಗುಳುಗುಳು ಬರುತ್ತಿರುತ್ತದೆ, ಕಂದು ನೀರು ಕುದಿಯುವ ಹಾಗೆ ಕಾಣುತ್ತದೆ. ಆ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇದ್ದು ಊರಿನ ಹೊಲಸನ್ನೆಲ್ಲ ತಿಂದು ಹಾಕುತ್ತವಂತೆ. ಅವುಗಳಿಗೆ ಗಾಳಿ ಸಾಕಾಯಿತೇ, ಹೊಟ್ಟೆ ತುಂಬಿತೇ ಎಂದು ನೋಡಿಕೊಳ್ಳುವುದು ಇವನ ಪಾಲಿನ ಕೆಲಸ. "ನನ್ನ ಮಕ್ಕಳು" ಎನ್ನುತ್ತಾನೆ. ಬೇರೆ ಮಕ್ಕಳಿಲ್ಲ, ಮದುವೆಯೇ ಆಗಿಲ್ಲ. ತಲೆ ಮುಕ್ಕಾಲು ಪಾಲು ನೆರೆತಿದೆ. ನನ್ನ ಯಜಮಾನರು ಹೋದ ಮೇಲೆ ನಾವಿಬ್ಬರೇ ಒಂದು ಮನೆ ಮಾಡಿಕೊಂಡಿದ್ದೇವೆ.

ಅವನ ಟ್ಯಾಂಕಿನ ಮಾತು ಬಿಟ್ಟರೆ ಮನೆಯಲ್ಲಿದ್ದ ಇನ್ನೊಂದು ಮಾತು ಗೋಡೆ ಗಡಿಯಾರದ ಕೆಳಗೆ, ಕಿಟಕಿಯ ಶೆಲ್ಫಿನ ಮೇಲೆ ಕೂತಿತ್ತು. ಅದು ಟೈಲರಮ್ಮನಿಗೆ ಅವನು ಬರೆದ ಪತ್ರ. ಎರಡು ಬೀದಿ ಆಚೆ ಅವಳ ಅಂಗಡಿ. ಹೊಲಿಗೆಗಿಂತ ರಿಪೇರಿ ಕೆಲಸ ಹೆಚ್ಚು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ರಾತ್ರಿ ಶಾಲೆಯಲ್ಲಿ ನಾನು ಅಕ್ಷರ ಕಲಿಯುವಾಗ ಒಂದೇ ಬೆಂಚಿನಲ್ಲಿ ಕೂತವಳು ಅವಳು. ಮದುವೆ ಆಗುತ್ತೀರಾ ಎಂದು ಬಾಯಿಬಿಟ್ಟು ಕೇಳಲು ಇವನಿಗೆ ನಾಲಿಗೆ ಏಳದು. ಅದಕ್ಕೇ ಪತ್ರ. ತಪ್ಪು ತಿದ್ದಲು ನನಗೆ ಕೊಟ್ಟಿದ್ದ. ಮೊದಲ ಪುಟವೆಲ್ಲ ಟ್ಯಾಂಕಿನ ಗಾಳಿಯ ಒತ್ತಡದ ವಿಷಯ. ಮದುವೆಯ ವಿಷಯ ಬರುವಷ್ಟರಲ್ಲಿ ಹಾಳೆ ಮುಗಿದು, ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದ.

ತಿದ್ದಿ ಕೊಟ್ಟೆ. ಅವನು ಅಂಚೆಗೆ ಹಾಕಲಿಲ್ಲ. ಚಳಿ ಹೋಯಿತು, ಬಿಸಿಲು ಬಂತು, ಪತ್ರ ಅಲ್ಲೇ ಇತ್ತು. ಈಗ ಟೈಲರಮ್ಮನ ಅಂಗಡಿಯಿದ್ದ ಕಟ್ಟಡ ಕೆಡವುತ್ತಾರೆಂದು ಗೊತ್ತಾಗಿತ್ತು. ಇಲ್ಲೇ ಬೇರೆ ಮಳಿಗೆ ಹುಡುಕುವುದೋ, ಬೇರೆ ಊರಿನಲ್ಲಿರುವ ಅಕ್ಕನ ಮನೆಗೆ ಹೋಗಿಬಿಡುವುದೋ, ತಿಂಗಳ ಕೊನೆಗೆ ತೀರ್ಮಾನ ಮಾಡುತ್ತೇನೆ ಎಂದಿದ್ದಳು. ನನಗೆ ಯಾವುದಕ್ಕೂ ಅವಸರವಿಲ್ಲ. ಆದರೂ ಆ ತಿಂಗಳು ನಾನೇ ಕ್ಯಾಲೆಂಡರಿನ ಮುಂದೆ ಹೋಗಿ ಹೋಗಿ ನಿಲ್ಲುತ್ತಿದ್ದೆ.

"ಈ ಬಾಟಲಿಗೂ ಪತ್ರಕ್ಕೂ ಏನೋ ಸಂಬಂಧ?" ಎಂದೆ.

"ನಾನು ನಾರ್ತೀನಿ ಅಕ್ಕ."

"ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ. ಬಸ್ಸಲ್ಲಿ ಪಕ್ಕದಲ್ಲಿ ಒಬ್ರು ಕೂತಿದ್ರು. ನಾನು ಕೂತ ತಕ್ಷಣ ಎದ್ದು ಹೋದ್ರು."

"ಅವರ ಸ್ಟಾಪ್ ಬಂದಿರಬೇಕು ಕಣೋ."

"ಇಳೀಲಿಲ್ಲ. ಮುಂದೆ ಹೋಗಿ ನಿಂತ್ಕೊಂಡ್ರು. ಕೊನೇ ಸ್ಟಾಪ್‌ವರೆಗೂ ನೋಡ್ದೆ."

"ನೀನು ಕೊನೇ ಸ್ಟಾಪ್‌ವರೆಗೂ ಯಾಕೆ ಹೋದೆ?"

"ನೋಡೋಕೇ ಹೋದೆ."

ಇಂಥವನಿಗೆ ಏನು ಹೇಳುವುದು. ಅವನನ್ನು ನಾನು ಎತ್ತಿ ಬೆಳೆಸಿದವಳು. ದಿನಾ ಅವನ ಬಟ್ಟೆ ಒಗೆಯುವವಳೂ ನಾನೇ. ನನ್ನ ಮೂಗಿಗೆ ಬಾರದ ವಾಸನೆ ಬಸ್ಸಿನವರಿಗೆ ಎಲ್ಲಿಂದ ಬಂತು? ಆದರೆ ಅನುಮಾನ ತಲೆಗೆ ಹೊಕ್ಕ ಮೇಲೆ ಮೂಗಿನ ಸಾಕ್ಷಿ ಯಾರಿಗೆ ಬೇಕು.

ಬಾಟಲಿ ಕೊಟ್ಟವನು ಮಾರ್ಕೆಟ್ಟಿನ ಮೂಲೆಯಲ್ಲಿ ಮಡಚುವ ಮೇಜು ಹಾಕಿಕೊಂಡು ನಿಲ್ಲುವವನು. ಬೀದಿಯವರೆಲ್ಲ ಅವನಿಗೆ ಬೆಳ್ಳಿಬಾಯಿ ಎಂದು ಹೆಸರಿಟ್ಟಿದ್ದರು. ಬಟ್ಟೆಯ ಚೂರಿಗೆ ಈರುಳ್ಳಿ ಉಜ್ಜಿ, ಅದರ ಮೇಲೆ ಈ ನೀರು ಸಿಂಪಡಿಸಿ, ಹೋಗಿ ಬರುವವರ ಮೂಗಿಗೆ ಹಿಡಿಯುತ್ತಿದ್ದ. ಬೆಳ್ಳಿಯನ್ನು ಎಷ್ಟು ಸಣ್ಣ ಮಾಡಿದ್ದಾರೆಂದರೆ ಕಣ್ಣಿಗಿರಲಿ, ಯೋಚನೆಗೂ ಸಿಗುವುದಿಲ್ಲ, ವಾಸನೆ ಹುಟ್ಟಿಸುವ ಕ್ರಿಮಿಯನ್ನು ಮನೆಗೇ ನುಗ್ಗಿ ಹೊಡೆಯುತ್ತದೆ ಎನ್ನುತ್ತಿದ್ದ. ತಮ್ಮ ಅವನಿಂದ ಬಾಟಲಿ ತಂದ, ಬೆಳ್ಳಿ ಸಾಕ್ಸ್ ತಂದ, ಬೆಳ್ಳಿ ಬನಿಯನ್ ತಂದ. ಶರ್ಟುಗಳನ್ನೆಲ್ಲ ಆ ನೀರಿನಲ್ಲಿ ನೆನೆಸಿದ. ಟ್ಯಾಂಕಿನ ಗಾಳಿ ಪತ್ರಕ್ಕೂ ಅಂಟಿರಬಹುದು ಎಂದು ಲಕೋಟೆಗೂ ಸಿಂಪಡಿಸಿದ್ದ. ಅದು ನನಗೆ ಆಮೇಲೆ ಗೊತ್ತಾಯಿತು.

ಆದರೆ ಒಂದು ವಿಷಯ ಆಗಲೇ ಹೊಳೆಯಿತು. ವಾರದಿಂದ ನಮ್ಮ ಮನೆಯಲ್ಲಿ ಮೊಸರು ಹೆಪ್ಪುಗಟ್ಟುತ್ತಿರಲಿಲ್ಲ. ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆ ಹಾಲಾಗಿಯೇ ನನ್ನನ್ನು ನೋಡುತ್ತಿತ್ತು. ಹಾಲಿನವನ ಜೊತೆ ಜಗಳವಾಡಿದ್ದೆ. ಹಾಲು ಬದಲಾಯಿಸಿದ್ದೆ, ಹೆಪ್ಪು ಬದಲಾಯಿಸಿದ್ದೆ, ಪಾತ್ರೆಗೆ ಟವೆಲ್ ಹೊದಿಸಿ ಕೂಸಿನ ಹಾಗೆ ಮಲಗಿಸಿದ್ದೆ.

"ಮೊಸರಿನ ಪಾತ್ರೆಗೇನಾದ್ರೂ ಹಾಕಿದ್ಯಾ?"

"ದಿನಾ ತೊಳ್ದ ಮೇಲೆ ಒಂದೇ ಒಂದು ಮುಚ್ಚಳ ಅಕ್ಕ. ಕ್ಲೀನಾಗಿರ್ಲಿ ಅಂತ."

"ಎಲ್ಲಾ ಪಾತ್ರೆಗೂನಾ?"

"ಅದಕ್ಕೊಂದಕ್ಕೇ. ಅದೊಂದು ಸ್ವಲ್ಪ ಹುಳಿ ವಾಸನೆ ಬರ್ತಿತ್ತು."

ಹಾಲಿನವನಿಗೆ ನಾನು ಹೇಳಿದ ಮಾತುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅವನು ದೊಡ್ಡ ಮನಸ್ಸಿನವನು, ಅರ್ಧ ಮಾತ್ರ ಮರೆತ.

ಮರುದಿನ ಒಂದು ಜೊತೆ ಸಾಕ್ಸನ್ನೂ ಬಾಟಲಿಯನ್ನೂ ಚೀಲದಲ್ಲಿಟ್ಟುಕೊಂಡು ತಮ್ಮನ ಜೊತೆಯಲ್ಲೇ ಅವನ ಕೆಲಸದ ಜಾಗಕ್ಕೆ ಹೋದೆ. ಅಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬ್ ಮೇಡಂ ಒಬ್ಬರಿದ್ದಾರೆ. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ತಮಾಷೆಯ ಸ್ವಭಾವ. ಸಾಕ್ಸನ್ನು ಮೇಜಿನ ಮೇಲಿಟ್ಟಾಗ ಮುಖ ಸಿಂಡರಿಸಲಿಲ್ಲ. ಅಲ್ಲಿ ಮೇಜಿನ ಮೇಲೆ ಅದಕ್ಕಿಂತ ಕೆಟ್ಟದ್ದೆಲ್ಲ ಇರುತ್ತದೆ.

"ಬೆಳ್ಳಿ ಪಾತ್ರೆ ಕಪ್ಪಾಗೋದು ನೋಡಿದೀರಲ್ಲ ಅಜ್ಜಿ? ಇದೂ ಅದೇ," ಎಂದರು. "ನಮ್ಮ ಟ್ಯಾಂಕಿನ ಗಾಳೀಲಿ ಗಂಧಕದ ಅಂಶ ಇರುತ್ತೆ. ಬೆಳ್ಳಿ ಜೊತೆ ಸೇರಿದ ಕೂಡ್ಲೇ ಕಪ್ಪು. ಅಣ್ಣ ದಿನಾ ಬೆಳ್ಳಿ ಪಾತ್ರೆ ಹಾಕ್ಕೊಂಡು ಟ್ಯಾಂಕ್ ಹತ್ರ ನಿಂತಂಗಾಯ್ತು."

"ಹಾಗಾದ್ರೆ ಇದು ಮೋಸನಾ ಮೇಡಂ?" ತಮ್ಮ ಕೇಳಿದ.

"ಮೋಸ ಅಲ್ಲ ಅಣ್ಣ, ಅದೇ ಕಷ್ಟ. ಕೆಲಸ ಮಾಡುತ್ತೆ." ಸಕ್ಕರೆ ಡಬ್ಬಿ ತೆಗೆದು ನನ್ನ ಕಡೆ ತಿರುಗಿದರು. "ನೋಡಿ ಅಜ್ಜಿ, ಒಂದು ಅಚ್ಚು ಸಕ್ಕರೆ ನೀರಿಗೆ ಹಾಕಿದ್ರೆ ನಿಧಾನಕ್ಕೆ ಕರಗುತ್ತೆ. ಅದನ್ನೇ ಕುಟ್ಟಿ ಪುಡಿ ಮಾಡಿ ಹಾಕಿದ್ರೆ?"

"ತಕ್ಷಣ ಕರಗುತ್ತೆ."

"ಸಕ್ಕರೆ ಅದೇ. ನೀರಿಗೆ ತಾಗೋ ಮೈ ಹೆಚ್ಚಾಯ್ತು ಅಷ್ಟೇ. ನಿಮ್ಮ ಕೈಯಲ್ಲಿರೋ ಬೆಳ್ಳಿ ಉಂಗುರ ಯಾರನ್ನೂ ಕೊಲ್ಲಲ್ಲ. ಅದನ್ನೇ ಕೂದಲಿನ ಅಗಲದಲ್ಲಿ ಸಾವಿರಗಟ್ಟಲೆ ಕಣ ಸಾಲಾಗಿ ನಿಲ್ಲೋ ಅಷ್ಟು ಸಣ್ಣ ಮಾಡಿದ್ರೆ ಎಲ್ಲಾ ಮೈಯಿಂದ್ಲೂ ಬೆಳ್ಳಿ ಬಿಟ್ಕೊಳ್ಳುತ್ತೆ, ಕ್ರಿಮಿ ಸಾಯುತ್ತೆ. ಸುಟ್ಟ ಗಾಯಕ್ಕೆ ಹಾಕೋ ಪಟ್ಟಿಗಳಲ್ಲಿ ಇಂಥ ಬೆಳ್ಳಿ ಇರುತ್ತೆ. ಅಲ್ಲಿ ಅದು ಉಪಕಾರಿ. ಆದ್ರೆ ಅದಕ್ಕೆ ಒಳ್ಳೇ ಕ್ರಿಮಿ, ಕೆಟ್ಟ ಕ್ರಿಮಿ ಅಂತ ಗೊತ್ತಾಗಲ್ಲ."

"ಮೊಸರಿಂದೂ ಗೊತ್ತಾಗಲ್ಲ," ಎಂದೆ.

ಮೇಡಂ ನಕ್ಕರು. ಆಮೇಲೆ ತಮ್ಮನನ್ನು ನೋಡಿ, "ಬಟ್ಟೆ ಒಗ್ದ ನೀರು ಎಲ್ಲಿಗೆ ಹೋಗುತ್ತೆ ಅಣ್ಣ?" ಎಂದು ಕೇಳಿದರು.

"ಚರಂಡಿಗೆ."

"ಚರಂಡಿಯಿಂದ?"

ತಮ್ಮ ಕಿಟಕಿಯಾಚೆ ನೋಡಿದ. ಅಲ್ಲಿ ಅವನ ಟ್ಯಾಂಕುಗಳು ಗುಳುಗುಳು ಎನ್ನುತ್ತಿದ್ದವು. ಅವನ ಮುಖದ ಬಣ್ಣ ಸಾಕ್ಸಿನ ಬಣ್ಣಕ್ಕೆ ಬಂತು.

"ಮಕ್ಕಳಿಗೆ ನಾನೇ ವಿಷ ಹಾಕ್ತಿದ್ನಾ?"

"ಅಷ್ಟೊಂದು ಹೆದರಬೇಡಿ. ಒಂದು ಮನೇದು ಇಷ್ಟು ನೀರಲ್ಲಿ ಲೆಕ್ಕಕ್ಕೇ ಬರಲ್ಲ. ಬಂದಿದ್ರಲ್ಲೂ ಹೆಚ್ಚಿನದ್ದು ಇಲ್ಲಿ ಕಪ್ಪಾಗಿ ತಳಕ್ಕೆ ಕೂತ್ಕೊಳ್ಳುತ್ತೆ. ಊರಿಗೆ ಊರೇ ಹಾಕಿದ್ರೆ ಏನಾಗುತ್ತೆ, ತಳದಲ್ಲಿ ಕೂತಿದ್ದು ಮುಂದೆ ಏನು ಮಾಡುತ್ತೆ ಅನ್ನೋದು ನಂಗೂ ಸರಿಯಾಗಿ ಗೊತ್ತಿಲ್ಲ. ಓದಿದವರೇ ಇನ್ನೂ ಹುಡುಕ್ತಿದಾರೆ." ಆಮೇಲೆ ಗಂಭೀರವಾಗಿ ಕೇಳಿದರು. "ಮುಚ್ಚಿದ ಕೋಣೇಲಿ ಸಿಂಪಡಿಸ್ತೀರಾ?"

"ಸ್ನಾನದ ಮನೇಲಿ. ಬಾಗಿಲು ಹಾಕ್ಕೊಂಡು."

"ಅದು ಬೇಡ. ಅಷ್ಟು ಸಣ್ಣ ಕಣ ಉಸಿರಲ್ಲಿ ಎಲ್ಲೀವರೆಗೆ ಹೋಗಿ ಕೂರುತ್ತೋ ಏನೋ. ಕುಡಿಯೋದಂತೂ ಮಾಡಿಲ್ಲ ತಾನೆ?"

ತಮ್ಮ ಮೇಜಿನ ಮೇಲಿದ್ದ ಸಾಕ್ಸನ್ನು ಮಡಚತೊಡಗಿದ. ನಾನು ಅವನ ಕಡೆ ತಿರುಗಿದೆ.

"ಒಂದೇ ಚಮಚ," ಎಂದ. "ಒಳಗಿನ ವಾಸನೆಗೂ ಒಳ್ಳೇದು ಅಂದಿದ್ದ ಅವನು."

"ಬೆಳ್ಳಿ ನೀರನ್ನ ವರ್ಷಗಟ್ಟಲೆ ಕುಡಿದವರ ಚರ್ಮ ನೀಲಿ ಆಗಿದ್ದಿದೆ ಅಣ್ಣ. ಬೂದಿ ಮಿಶ್ರ ನೀಲಿ. ತಿರುಗಿ ಹೋಗಲ್ಲ ಅದು. ಒಂದು ಚಮಚಕ್ಕೆ ಏನೂ ಆಗಲ್ಲ, ಎರಡನೇ ಚಮಚ ಬೇಡ."

ಮೇಡಂ ಒಂದು ಗಾಜಿನ ಜಾಡಿಗೆ ಟ್ಯಾಂಕಿನ ನೀರು ತುಂಬಿ ಬಾಟಲಿಯಿಂದ ಧಾರಾಳವಾಗಿ ಸುರಿದು, ಪಕ್ಕದಲ್ಲಿ ಏನೂ ಹಾಕದ ಇನ್ನೊಂದು ಜಾಡಿ ಇಟ್ಟರು. ನಾಳೆ ನೋಡೋಣ ಎಂದರು. ಮರುದಿನ ತಮ್ಮ ಬಂದು ಹೇಳಿದ್ದು ಇಷ್ಟು. ಏನೂ ಹಾಕದ ಜಾಡಿಯ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಗಂಟೆಗಳಂಥ ಜೀವಿಗಳು ದಂಟಿನ ಮೇಲೆ ನಿಂತು ಊಟ ಮಾಡುತ್ತಿದ್ದವು. ಬೆಳ್ಳಿ ಜಾಡಿಯಲ್ಲಿ ಒಂದೂ ಅಲುಗಾಡಲಿಲ್ಲ. ಅದರ ಮುಚ್ಚಳ ತೆಗೆದಾಗ ಬಂದ ನಾತಕ್ಕೆ, ಇಷ್ಟು ವರ್ಷ ಅಲ್ಲೇ ಇರುವ ಕಾವಲುಗಾರ ಎದ್ದು ಗೇಟಿನಾಚೆ ಹೋದನಂತೆ.

"ನಾತ ಹೋಗ್ಲಿ ಅಂತ ತಂದಿದ್ದು ನಾತ ತಿನ್ನೋರನ್ನೇ ಕೊಂದ್ಬಿಡ್ತು ಅಕ್ಕ."

"ಸರಿ, ಇನ್ನಾದ್ರೂ ಬಿಡ್ತೀಯಾ?"

"ಬಿಡ್ತೀನಿ. ಆದ್ರೆ ಪತ್ರಾನೂ ಬಿಟ್ಟೆ. ಬೆಳ್ಳಿ ಹಾಕ್ಲಿಲ್ಲ ಅಂದ್ರೆ ನಾನು ನಾರ್ತೀನಲ್ಲ."

ತಿಂಗಳು ಮುಗಿಯಲು ಇನ್ನು ಕೆಲವೇ ದಿನ. ಅವನು ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ, ಕಣ್ಣಿನ ಕೆಳಗಿನ ಚರ್ಮ ಎಳೆದು, ನೀಲಿ ಬಂತೇ ಎಂದು ನೋಡಿಕೊಳ್ಳುತ್ತಿದ್ದ.

ಶರ್ಟಿನ ಪ್ರಕರಣ ನಡೆದದ್ದು ಆ ವಾರವೇ. ನಾವಿಬ್ಬರೂ ತರಕಾರಿ ತರಲು ಹೊರಟಿದ್ದೆವು. ತಮ್ಮ ಇದ್ದಕ್ಕಿದ್ದ ಹಾಗೆ ನನ್ನ ತೋಳು ಹಿಡಿದ.

"ಅಕ್ಕ, ನನ್ನ ಶರ್ಟು ರಸ್ತೆ ದಾಟ್ತಿದೆ."

ನೋಡಿದೆ. ಹೌದು, ಅದೇ ನೀಲಿ ಚೌಕಳಿ ಶರ್ಟು. ಕಾಲರ್ ತಿರುಗಿಸಲು ಟೈಲರಮ್ಮನಿಗೆ ಕೊಟ್ಟಿದ್ದು. ಅದರೊಳಗೆ ಗಡಿಯಾರ ರಿಪೇರಿಯವರಿದ್ದರು. ಅವರು ಕಡ್ಡಿಯಂಥ ಮನುಷ್ಯ. ಶರ್ಟು ಅವರ ಮೈಮೇಲೆ ಡೇರೆ ಹಾಕಿಕೊಂಡಿತ್ತು. ಗಾಳಿ ಬಂದರೆ ಶರ್ಟು ಒಂದು ಕಡೆಗೆ, ಅವರು ಒಂದು ಕಡೆಗೆ.

"ಹೋಗಿ ಕೇಳು," ಎಂದೆ.

"ಏನಂತ ಕೇಳ್ಲಿ? ಅವಳೇ ಕೊಟ್ಟಿರಬೇಕು. ನನ್ನ ಶರ್ಟನ್ನ ತೆಗೆದು ಅವರಿಗೆ ಕೊಡ್ತಾಳೆ ಅಂದ್ರೆ ಅರ್ಥ ಆಯ್ತಲ್ಲ."

"ನಂಗೇನೂ ಅರ್ಥ ಆಗಿಲ್ಲ."

"ಅವರು ಗಡಿಯಾರದೋರು. ಕ್ಲೀನ್ ಮನುಷ್ಯ. ನಾನು ಯಾರು? ಕೊಳಚೆಯವನು."

ತರಕಾರಿ ಇಲ್ಲದೆ ಮನೆಗೆ ಬಂದೆವು. ಅವನು ನೆಟ್ಟಗೆ ಶೆಲ್ಫಿಗೆ ಹೋಗಿ ಪತ್ರ ಕೈಗೆತ್ತಿಕೊಂಡ. ಹರಿಯುವ ಮುಂಚೆ ಕಿತ್ತುಕೊಂಡೆ.

"ಹರಿಯೋದು ಯಾವಾಗ ಬೇಕಾದ್ರೂ ಹರೀಬಹುದು. ನಾನು ಬರೋವರೆಗೂ ಕೂತಿರು."

ಟೈಲರಮ್ಮನ ಅಂಗಡಿಗೆ ಹೋದಾಗ ಅವಳು ಮಿಷನ್ನಿನ ಮುಂದೆ ಕೂತು ಹಲ್ಲಿನಲ್ಲಿ ದಾರ ಕಡಿಯುತ್ತಿದ್ದಳು. ಹಿಂದಿನ ಗೋಡೆಯುದ್ದಕ್ಕೂ ಬಟ್ಟೆಯ ಕಟ್ಟುಗಳು. ಒಂದಕ್ಕೂ ಚೀಟಿಯಿಲ್ಲ. ಅವಳ ಪದ್ಧತಿ ನನಗೆ ಆವರೆಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನೆನಪಿನಲ್ಲಿ ಇಟ್ಟುಕೊಳ್ಳುತ್ತಾಳೆ ಅಂದುಕೊಂಡಿದ್ದೆ.

"ನನ್ನ ತಮ್ಮನ ಶರ್ಟು ಗಡಿಯಾರದವರ ಮೈಮೇಲಿದೆಯಲ್ಲೇ," ಎಂದೆ.

ಅವಳು ದಾರ ಬಾಯಲ್ಲಿಟ್ಟುಕೊಂಡೇ ನನ್ನನ್ನು ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಅದು ನಿಮ್ಮ ತಮ್ಮಂದಾ? ನೀವು ತಂದುಕೊಟ್ಟ ಶರ್ಟು ಎಲ್ಲಿ ಹೋಯ್ತು ಅಂತ ಮೂರು ದಿನದಿಂದ ಹುಡುಕ್ತಾ ಇದೀನಿ ಅಕ್ಕ. ಎಲ್ಲಾ ಕಟ್ಟೂ ಮೂಸಿ ನೋಡ್ದೆ."

"ಮೂಸಿ?"

"ಮತ್ತೆ? ಚೀಟಿ ಬರೆಯೋದು, ಅದು ಉದುರೋದು, ಯಾರದ್ದೋ ಪ್ಯಾಂಟು ಇನ್ಯಾರಿಗೋ ಹೋಗೋದು, ಯಾರಿಗೆ ಬೇಕು. ಮೂಗು ಉದುರಲ್ಲವಲ್ಲ." ಕಣ್ಣು ಮುಚ್ಚಿಕೊಂಡು ಒಂದೊಂದೇ ಕಟ್ಟು ಎತ್ತಿ ಮೂಗಿಗೆ ಹಿಡಿದಳು. "ಇದು ಸುಟ್ಟ ಸಕ್ಕರೆ, ಬೇಕರಿಯವರದು. ಇದು ಮಸಿ, ಪ್ರೆಸ್ಸಿನವರದು. ಇದು ಫಿನಾಯಿಲ್, ನರ್ಸಮ್ಮನದು. ಏನೂ ವಾಸನೆ ಇಲ್ಲದ್ದು ಗಡಿಯಾರದವರದು. ಪಾಪ, ದಿನವಿಡೀ ಗಾಜಿನ ಪೆಟ್ಟಿಗೇಲಿ ಕೂತಿರ್ತಾರೆ, ಅವರಿಗೆ ಎಲ್ಲಿಂದ ಬರಬೇಕು. ನೀಲಿ ಶರ್ಟು ಮೂಸಿದೆ, ಏನೂ ಇರ್ಲಿಲ್ಲ, ಅವರ ಕಟ್ಟಿಗೆ ಹಾಕ್ದೆ."

"ದೊಗಳೆ ಆಯ್ತು ಅಂತ ಅವರೂ ಅನ್ಲಿಲ್ವಾ?"

"ಅಂದ್ರು. ಟೈಲರಮ್ಮ ಕೊಟ್ಟಿದ್ದಾರೆ ಅಂದ್ಮೇಲೆ ನಾನೇ ತೆಳ್ಳಗಾಗಿರಬೇಕು ಅಂದ್ಕೊಂಡ್ರಂತೆ. ಡಾಕ್ಟರಿಗೂ ತೋರಿಸ್ಕೊಂಡು ಬಂದ್ರಂತೆ."

ನಾನು ಸ್ಟೂಲಿನ ಮೇಲೆ ಕೂತೆ. ನಗು ತಡೆದುಕೊಳ್ಳಲು ಕೂರಲೇಬೇಕಾಯಿತು. ಆಮೇಲೆ ಮೆಲ್ಲಗೆ ಕೇಳಿದೆ, "ಮೊದಲು ನನ್ನ ತಮ್ಮನ ಬಟ್ಟೆ ಹೇಗಿರ್ತಿತ್ತು?"

ಅವಳು ಯೋಚಿಸಲೇ ಇಲ್ಲ. "ಗ್ರೀಸು ಸ್ವಲ್ಪ. ನಿಮ್ಮ ಮನೆ ಸೋಪು. ಅದರಡಿ ಒದ್ದೆ ಮಣ್ಣಿನ ವಾಸನೆ, ಹೊಸದಾಗಿ ಅಗೆದ ಹಾಗೆ. ಗುರುತು ಹಿಡಿಯೋಕೆ ಎಲ್ಲಕ್ಕಿಂತ ಸುಲಭ. ದಿನ ಕೆಟ್ಟದಾಗಿದ್ರೆ ಮೊದಲು ಅವರದ್ದೇ ಕೈಗೆ ತಗೋತಿದ್ದೆ." ಹೇಳಿಬಿಟ್ಟ ಮೇಲೆ ಹೇಳಿದ್ದು ಹೆಚ್ಚಾಯಿತು ಅನ್ನಿಸಿರಬೇಕು. ತಲೆ ತಗ್ಗಿಸಿ ಮಿಷನ್ನಿಗೆ ಎಣ್ಣೆ ಬಿಡತೊಡಗಿದಳು. ಬಿಟ್ಟ ಜಾಗಕ್ಕೇ ಮತ್ತೆ ಬಿಟ್ಟಳು. "ಈ ಶರ್ಟೊಂದು ಬಿಟ್ರೆ ಈಚೆಗೆ ಅವರ ಬಟ್ಟೇನೇ ಬರ್ತಿಲ್ಲ, ಬೇರೆ ಕಡೆ ಕೊಡ್ತಿದಾರೆ ಅಂದ್ಕೊಂಡಿದ್ದೆ. ಊರು ಬಿಡೋಕೆ ಇನ್ನೇನು ಯೋಚನೆ ಅಂತ ನಮ್ಮಕ್ಕನಿಗೆ ಬರೆಯೋಣ ಅಂತಿದ್ದೆ."

"ಬರೆದ್ಯಾ?"

"ಇನ್ನೂ ಇಲ್ಲ."

"ಎರಡು ದಿನ ತಡಿ," ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಎಣ್ಣೆಯ ಡಬ್ಬಿ ಖಾಲಿಯಾಗಿತ್ತು.

ಮನೆಗೆ ಬಂದು ಹೇಳಿದ್ದನ್ನು ತಮ್ಮ ನಂಬಲಿಲ್ಲ. ಮತ್ತೆ ಹೇಳಿಸಿದ. ಒದ್ದೆ ಮಣ್ಣು ಎಂದಳೋ, ಬರೀ ಮಣ್ಣು ಎಂದಳೋ ಎಂದು ಕೇಳಿದ. ಹೊಸದಾಗಿ ಅಗೆದ ಒದ್ದೆ ಮಣ್ಣು ಎಂದೆ. ಅವನು ತನ್ನ ತೋಳನ್ನು ತಾನೇ ಮೂಸಿ ನೋಡಿಕೊಂಡ.

ಆಮೇಲೆ ಲಕೋಟೆ ತೆಗೆದರೆ ಪತ್ರ ಕೆಟ್ಟಿತ್ತು. ಸಿಂಪಡಿಸಿದ ಬೆಳ್ಳಿ ಕಿಟಕಿಯ ಬಿಸಿಲಿಗೆ ಬಣ್ಣ ತಿರುಗಿ, ಹಾಳೆಯ ಅಂಚಿನಲ್ಲೆಲ್ಲ ಟೀ ಚೆಲ್ಲಿದ ಹಾಗೆ ಕಂದು ಕಲೆ. ಗಾಳಿಯ ಒತ್ತಡದ ಭಾಗ ನೆಟ್ಟಗಿತ್ತು. ಮದುವೆಯ ಭಾಗ ಮಾತ್ರ ಓದಲಾಗುತ್ತಿರಲಿಲ್ಲ.

"ಹೊಸದು ಬರಿ," ಎಂದೆ. "ಈ ಸಲ ಮದುವೆ ಮೊದಲು, ಟ್ಯಾಂಕು ಆಮೇಲೆ."

ಬರೆದ. ಮೇಲೆ ತಾರೀಕು ಹಾಕಿಸಿದೆ, ಅದು ರಾತ್ರಿ ಶಾಲೆಯ ಮೇಷ್ಟ್ರು ಕಲಿಸಿದ ಶಿಸ್ತು. ಉಳಿದದ್ದಕ್ಕೆ ನಾನು ಕೈ ಹಾಕಲಿಲ್ಲ. ಪತ್ರ ಸಣ್ಣದು. ‘ನಿಮ್ಮನ್ನು ಮದುವೆಯಾಗಬೇಕೆಂದು ನನಗೆ ಬಹಳ ದಿನದಿಂದ ಆಸೆ. ನನ್ನ ಕೆಲಸ ಏನೆಂದು ನಿಮ್ಮ ಮೂಗಿಗೇ ಗೊತ್ತಿದೆ. ಅಂಗಡಿಗೆ ನಮ್ಮ ಮನೆಯ ಮುಂದಿನ ಕೋಣೆ ಖಾಲಿ ಇದೆ, ಬೆಳಕು ಚೆನ್ನಾಗಿ ಬರುತ್ತದೆ.’ ಕೊನೆಯಲ್ಲಿ ಒಂದೇ ಸಾಲು ಟ್ಯಾಂಕಿನದು. ಅದನ್ನು ತೆಗೆಯಲು ಅವನಿಗೆ ಮನಸ್ಸು ಬರಲಿಲ್ಲ, ನನಗೂ.

ಉಳಿದ ಬಾಟಲಿಯನ್ನು ಏನು ಮಾಡುವುದೆಂದು ದೊಡ್ಡ ಚರ್ಚೆಯಾಯಿತು. ಚರಂಡಿಗೆ ಸುರಿದರೆ ಮಕ್ಕಳ ಬಾಯಿಗೇ ಹೋಗುತ್ತದೆ. ಬೆಳ್ಳಿಬಾಯಿ ವಾಪಸ್ಸು ತೆಗೆದುಕೊಳ್ಳಲಿಲ್ಲ, ಜೊತೆಗೆ ಇನ್ನೊಂದು ಮಾರಲು ನೋಡಿದ. ಕೊನೆಗೆ ಲ್ಯಾಬ್ ಮೇಡಂ ತಮ್ಮ ರಾಸಾಯನಿಕ ಕಸದ ಡಬ್ಬಕ್ಕೆ ಹಾಕಿಕೊಂಡರು. ಆ ದಿನ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಗಟ್ಟಿಯಾಗಿ, ಚಮಚ ನೆಟ್ಟರೆ ನಿಲ್ಲುವಂತೆ ಕೂತಿತ್ತು.

ಅಂಚೆ ಡಬ್ಬ ಇರುವುದು ಟೈಲರಮ್ಮನ ಅಂಗಡಿಯ ಎದುರಿಗೆ. ರಸ್ತೆ ದಾಟಿ ಕೈಗೇ ಕೊಡಬಹುದಲ್ಲ ಎಂದೆ. "ಕೈಗೆ ಕೊಟ್ರೆ ಅದು ಪತ್ರ ಹೇಗಾಗುತ್ತೆ ಅಕ್ಕ," ಎಂದ. ಕೆಲಸ ಮುಗಿಸಿ ನೇರವಾಗಿ ಅಲ್ಲಿಗೇ ಬಂದಿದ್ದ. ಬಟ್ಟೆ ಬದಲಾಯಿಸಿರಲಿಲ್ಲ. ತೋಳಿನ ಮೇಲೆ ಗ್ರೀಸಿನ ಗೆರೆ. ಲಕೋಟೆಯನ್ನು ಡಬ್ಬದ ಬಾಯಿಗೆ ಇಟ್ಟವನು ಹಾಗೇ ಹಿಡಿದುಕೊಂಡು ನಿಂತ.

"ಸ್ಟಾಂಪ್ ಅಂಟಿದೆಯಾ ನೋಡು ಅಕ್ಕ."

"ಅಂಟಿದೆ."

"ವಿಳಾಸ?"

"ಎದುರಿಗೇ ಇದೆ, ಓದ್ಕೋ."

ಅಷ್ಟರಲ್ಲಿ ಎದುರು ಅಂಗಡಿಯ ಬಾಗಿಲಲ್ಲಿ ಟೈಲರಮ್ಮ ನೀಲಿ ಚೌಕಳಿ ಶರ್ಟು ಕೈಯಲ್ಲಿ ಹಿಡಿದು ನಿಂತಿದ್ದಳು. ಗಡಿಯಾರದವರು ಬಿಚ್ಚಿ ಕೊಟ್ಟು ನಿರಾಳವಾಗಿ ಹೋಗಿರಬೇಕು.

"ರೀ, ನಿಮ್ಮ ಶರ್ಟು ತಗೊಂಡು ಹೋಗಿ," ಎಂದು ಕರೆದಳು. "ಒಂದು ಸಲ ಹಾಕ್ಕೊಂಡು ಟ್ಯಾಂಕ್ ಹತ್ರ ನಿಂತು ಬನ್ನಿ. ಮುಂದಿನ ಸಲ ನಂಗೆ ಗುರುತು ಸಿಗಬೇಕು."

ತಮ್ಮನ ಕೈ ಸಡಿಲವಾಯಿತು. ಪತ್ರ ಡಬ್ಬದೊಳಗೆ ಬಿದ್ದ ಸದ್ದು ನನಗೂ ಕೇಳಿಸಿತು.